ಸಮಾಧಿ ಪಕ್ಕದ ಸೇವಂತಿಗೆ ಮಡಿ

“ತಡೀರಿ ದೊಡ್ಡಪ್ಪ, ಬೇರು ಕತ್ತರಿಸ್ತಾ ಇದೀರ,” ಎಂದು ಯೋಗಿತಾ ಗುದ್ದಲಿಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಸೇವಂತಿಗೆ ಗಿಡ ಕೀಳತೊಡಗಿದಳು.

ದೊಡ್ಡಪ್ಪ ರಂಗರಾಜು ಎತ್ತಿದ ಗುದ್ದಲಿಯನ್ನು ಹೆಗಲಿಗೇ ಇಟ್ಟುಕೊಂಡರು. “ಒಳಗೆ ಹೆಣ ಮಡಿಕ್ಕಂಡು ಗಿಡ ಕೀಳಕ್ಕೆ ಕೂತ್ಯಲ್ಲವ್ವ.”

“ಅಪ್ಪನ ಗಿಡ ಇವು.”

“ಜಾಗಾನೂ ಅವನೇ ಹೇಳಿದ್ದು. ಅಪ್ಪಯ್ಯನ ಮಗ್ಗುಲಿಗೇ ಮಣ್ಣು ಮಾಡ್ರಿ ಅಂತ ಕಂಡೋರಿಗೆಲ್ಲ ಹೇಳವ್ನೆ. ನಾನೇನು ಮಾಡ್ಲಿ?”

ಹೇಳಿದ್ದರು, ನಿಜ. ಯೋಗಿತಾಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ತೆಂಗಿನ ಸಾಲುಗಳ ನಡುವೆ ಅಷ್ಟಗಲ ನರ್ಸರಿ ಬಿದ್ದಿರುವಾಗ, ಅಪ್ಪ ಗಂಗಾಧರಯ್ಯ ತಮ್ಮ ಹೊಸ ತಳಿಯನ್ನು ತಂದು ನೆಟ್ಟಿದ್ದು ತಾತನ ಸಮಾಧಿಗೆ ಒತ್ತಿಕೊಂಡು. ಅಲ್ಲಾದರೆ ಕಳ್ಳರು ಹೆದರುತ್ತಾರಂತೆ. ಆ ಮಣ್ಣು ತಮಗೂ ಬೇಕಾಗುತ್ತದೆನ್ನುವುದು ಮಾತ್ರ ಮರೆತುಹೋಗಿತ್ತು.

ಗಿಡಗಳು ಬಿದಿರಿನ ಮಂಕರಿಗೆ ಬಂದವು. ಅವಳು ಮೇಲಿನ ಮಡಿಯತ್ತ ಹೊರಟದ್ದೇ ದೊಡ್ಡಪ್ಪ ಅಡ್ಡ ಬಂದರು.

“ಸೂತಕದಾಗೆ ನೆಡಂಗಿಲ್ಲ. ಮಡಿಗೂ ಇಲ್ಲ, ಕುಂಡಕ್ಕೂ ಇಲ್ಲ. ತಿಥಿ ಆಗ್ಲಿ.”

“ಅಲ್ಲೀವರೆಗೆ ಒಣಗಿ ಸೌದೆ ಆಗ್ತವೆ. ಈ ತಳಿದು ಬೇರೆ ಎಲ್ಲೂ ಒಂದು ಗಿಡ ಇಲ್ಲ ದೊಡ್ಡಪ್ಪ.”

“ಹೋಗ್ಲಿ ಬುಡು. ಮನುಷ್ಯನೇ ಹೋದ.”

*

ಹೋದ ಕಾರ್ತಿಕದಲ್ಲಿ ಆ ತಳಿ ಮೊದಲ ಸಲ ಹೂ ಬಿಟ್ಟಿತ್ತು. ಒಣಕೊಬ್ಬರಿಯ ಒಳಮೈ ಬಣ್ಣ, ತುದಿಯಲ್ಲಿ ಅರಿಸಿನ ಮುಟ್ಟಿದ ಬೆರಳು ಸೋಕಿದಂತೆ ಒಂದಿಷ್ಟು ಹಳದಿ. ತಾತ ಶುರುಮಾಡಿದ್ದ ಮಿಶ್ರಣ. ವರ್ಷ ವರ್ಷ ಆರಿಸಿ, ಎಸೆದು, ಮತ್ತೆ ಆರಿಸಿ ಅಪ್ಪ ಅಲ್ಲಿಗೆ ತಂದಿದ್ದರು. ಇಬ್ಬರೂ ಆ ಹೂ ನೋಡುತ್ತಿದ್ದಾಗಲೇ ಹುಳಿಯಾರಿನ ನರ್ಸರಿಯ ಲಕ್ಷ್ಮಯ್ಯನ ಮೊಪೆಡ್ ಸದ್ದು ಕೇಳಿಸಿತು. ಅಪ್ಪ ಹೆಗಲ ಟವೆಲ್ ಎಳೆದು ಹೂವಿಗೆ ಹೊದಿಸಿ, ಮುಂದೆ ಕೂತೇಬಿಟ್ಟರು.

“ಏನ್ ಗಂಗಾಧರಯ್ಯ, ಹೊಸದಾ?”

“ಕೂಸು ಮಲಗೈತೆ. ಹೋಗಿ ಬಾ.”

ಲಕ್ಷ್ಮಯ್ಯ ಹಿಂದೊಮ್ಮೆ ತಮ್ಮ ಕನಕಾಂಬರದ ಕಡ್ಡಿ ಕದ್ದನೆಂದು ಅಪ್ಪ ಸಾಯುವತನಕ ನಂಬಿದ್ದರು. ಯೋಗಿತಾ ಬೇಡಿಕೊಂಡಿದ್ದಳು: ನಾಲ್ಕು ಗಿಡ ಕಂದಿಕೆರೆ ಅತ್ತೆ ಮನೆಯಲ್ಲಾದರೂ ಇರಲಿ, ಅಪ್ಪ. “ಇನ್ನೊಂದು ವರ್ಷ ಹೂ ಬಿಡ್ಲಿ, ನೋಡಾಣ,” ಎಂದಿದ್ದರು. ಯಾವಾಗ ಕೇಳಿದರೂ ಇನ್ನೊಂದು ವರ್ಷ.

*

ಮಣ್ಣಾಯಿತು. ಜನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಯೋಗಿತಾ ಮಂಕರಿ ಹೊತ್ತು ಅವರ ನಡುವೆ ಹೋದಳು. “ಒಂದೊಂದು ತಗೊಂಡೋಗಿ ನೆಟ್ಕೊಳ್ರಿ, ಉಳಿದರೆ ಸಾಕು.”

ಹೆಂಗಸರು ಕೈ ಸೆರಗಿನೊಳಗೆ ಎಳೆದುಕೊಂಡರು. ಸಾವಿನ ಮನೆಯಿಂದ ಏನನ್ನಾದರೂ ಕೈಯಲ್ಲಿ ಇಸ್ಕೊಂಡು ಹೋಗುವುದುಂಟೇ? ಒಬ್ಬಳಂತೂ ಎರಡು ಹೆಜ್ಜೆ ಹಿಂದಕ್ಕೇ ಸರಿದಳು. ಗಿಡಗಳ ತುದಿಗಳು ಆಗಲೇ ಬಾಗಿದ್ದವು. ಯೋಗಿತಾ ಮಂಕರಿಯನ್ನು ದೊಪ್ಪನೆ ಇಳಿಸಿದಳು.

“ಎಲ್ಲಾರೂ ಸೇರ್ಕೊಂಡು ಇನ್ನೊಂದು ಸಾರಿ ಸಾಯಿಸ್ರಿ ಅವರನ್ನ.”

ಕಂದಿಕೆರೆಯಿಂದ ಬಂದಿದ್ದ ಸೋದರತ್ತೆ ಗಂಗಲಕ್ಷ್ಮಿ ಹತ್ತಿರ ಬಂದು ಅವಳ ರಟ್ಟೆ ಹಿಡಿದಳು. “ಹಿಂಗೆ ಎದುರಿಗೆ ನಿಂತು ಕೊಟ್ರೆ ಯಾರು ಮುಟ್ತಾರೆ ಕಣೇ? ಆ ಕಡೆ ತಿರುಕ್ಕೋ.”

“ಯಾಕೆ?”

“ಕೊಟ್ಟಿದ್ದಕ್ಕೆ ಸೂತಕ. ಕದ್ದಿದ್ದಕ್ಕೆ ಎಂಥ ಸೂತಕ? ಕದ್ದ ಗಿಡ ಚೆನ್ನಾಗಿ ಹತ್ಕಂತದೆ, ಬೇರೆ.”

“ಅಪ್ಪ ಇದ್ದಿದ್ರೆ ದೊಣ್ಣೆ ತಗೊಂಡು ಬರ್ತಿದ್ರು, ಅತ್ತೆ.”

“ಈಗ ಬರಲ್ಲ. ತಿರುಕ್ಕೋ.”

ಯೋಗಿತಾ ತೆಂಗಿನ ಮರಕ್ಕೆ ಮುಖ ಮಾಡಿ ನಿಂತಳು. ಮೊದಲು ಏನೂ ಇಲ್ಲ. ಆಮೇಲೆ ಬಳೆ ಸದ್ದು. ಸೀರೆಯ ಸರಬರ. ಯಾರೋ ಪಿಸುಗುಟ್ಟಿದರು, “ನಂಗೊಂದು ದಪ್ಪಂದು ಕೊಡೇ.” “ಥೂ, ಕದಿಯಕ್ಕೂ ಆರಿಸ್ತೀಯ?” ಮರದಾಚೆಯ ಬದುವಿನ ಮೇಲೆ ಸಾಲಾಗಿ ಹೊರಟವರ ಮಡಿಲುಗಳಿಂದ ಮಣ್ಣು ಉದುರುತ್ತಿತ್ತು. ‘ಬತ್ತೀವಿ’ ಅಂತ ಯಾರೂ ಹೇಳಲಿಲ್ಲ, ಸಾವಿನ ಮನೆಯಲ್ಲಿ ಹೇಳಬಾರದು.

ಎಲ್ಲ ಮುಗಿಯಿತು ಅಂದುಕೊಂಡಳು. ಅಷ್ಟರಲ್ಲಿ ಭಾರದ ಹೆಜ್ಜೆಗಳು ಬಂದು ಮಂಕರಿಯ ಹತ್ತಿರ ನಿಂತವು. ಗಂಡಸಿನ ಕೆಮ್ಮು. ಮೊಪೆಡ್ಡಿನ ಕೀಲಿಗೊಂಚಲು ಕಿಣಿ ಅಂದಿತು. ಯೋಗಿತಾ ತಿರುಗದೆ ಹಾಗೇ ನಿಂತಳು.

ಬೆನ್ನ ಹಿಂದೆ ಲಕ್ಷ್ಮಯ್ಯ ತನ್ನ ಹೆಗಲ ಟವೆಲನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಬೇರು ಸುತ್ತತೊಡಗಿದ, ನಿಧಾನವಾಗಿ, ಕೂಸಿಗೆ ಎಣ್ಣೆನೀರು ಹಾಕಿ ಹೊದಿಸುವವರ ಹಾಗೆ.