ಕೇಳಿದ ಬೆಲೆ

ಗುಂಡ್ಲುಪೇಟೆ ಸಂತೆಯಲ್ಲಿ ಒಂದು ಕಟ್ಟುಪಾಡಿತ್ತು. ಕೊಳ್ಳುವವರು ಇಷ್ಟಕ್ಕೆ ಕೊಡು ಎಂದು ಕೇಳಿ, ಮಾರುವವನು 'ಕೊಟ್ಟೆ' ಅಂದನೋ, ಮುಗಿಯಿತು. ಆಮೇಲೆ ಬೇಡ ಅಂದವರನ್ನು ಸಂತೆಯೆಲ್ಲ ಆಡಿಕೊಳ್ಳುತ್ತಿತ್ತು. ಪುಟ್ಟಮಲ್ಲಮ್ಮನ ಅಟ್ಟ ತುಂಬಿದ್ದು ಇದರಿಂದಲೇ.

ಬೆಣ್ಣೆ ಮಾರಿದ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಸಂತೆ ಕರಗುವ ಹೊತ್ತಿಗೆ ಹೋಗುವಳು. ಎರಡು ರೂಪಾಯಿಯ ಸಾಮಾನನ್ನು ನಾಲ್ಕಾಣೆಗೆ ಕೇಳುವಳು. ಬೇಕೆಂದಲ್ಲ, ಕೇಳುವುದೇ ಒಂದು ಸುಖ. ವಾಪಸು ಹೊರಲಾರದವರು ಕೊಟ್ಟೇಬಿಡುವರು. ಹಾಗೆ ಬಂದವು ಯುದ್ಧ ಮುಗಿದು ಒಂಬತ್ತು ವರ್ಷವಾದ ಮೇಲೆ ಗಾಜಿಲ್ಲದ ಮಿಲಿಟರಿ ಲಾಟೀನು, ಪಾತ್ರೆಯಿಲ್ಲದ ಏಳು ಮುಚ್ಚಳ, ಕುದುರೆಯಿಲ್ಲದ ಮನೆಗೆ ಕುದುರೆ ಜೀನು. ಪ್ರತಿ ಸಲವೂ ಇದೇ ಕೊನೆ ಎಂದು ಮಾದೇಶ್ವರನ ಮೇಲೆ ಆಣೆ ಇಡುವಳು. ಮುಂದಿನ ವಾರ ಬಾಯಿ ತಾನಾಗಿ ಬೆಲೆ ಕೇಳಿರುತ್ತಿತ್ತು.

ಮನೆಯ ತಾಮ್ರ, ಹಿತ್ತಾಳೆ ಎಲ್ಲದರ ಮೇಲೂ ಗಂಡನ, ಮಾವನ ಹೆಸರು ಕೆತ್ತಿತ್ತು. ಅಟ್ಟದ ಸಾಮಾನಿನ ಮೇಲೆ ಮಾತ್ರ ಯಾರ ಹೆಸರೂ ಇರಲಿಲ್ಲ.

ಆ ವರ್ಷ ಈರುಳ್ಳಿ ಚೆನ್ನಾಗಿ ಬಂತು. ಗಂಡ ದೊಡ್ಡಮಲ್ಲಪ್ಪ ಏಣಿ ಹತ್ತಿ ಅಟ್ಟ ಇಣುಕಿದ.

"ನಾಳಿಕೆ ಸಂತೆ ಕಣಮ್ಮಿ. ಅಷ್ಟನ್ನೂ ಗಾಡಿಗ್ ತುಂಬಿ ಮಾರ್ಬುಡ್ತೀನಿ. ಈರುಳ್ಳಿ ಹರವಕ್ಕೆ ಜಾಗ ಬೇಕು."

"ಮಾರಾದಾದ್ರೆ ನಾನ್ ಮಾರ್ತೀನಿ. ನನ್ ಸಾಮಾನ್ಗೆ ನೀವ್ಯಾಕ್ ಬೆಲೆ ಕಟ್ಟೀರಿ?"

"ದೊಡ್ಡ ಮನೆ ಹೆಂಗ್ಸು ಸಂತೇಲಿ ಕೂತ್ಕಂಡದಾ?"

"ಸಾಮಾನ್ ಓದ್ರೆ ನಾನೂ ಓಯ್ತೀನಿ."

ಹೋದಳು. ಬತ್ತೇರಿಯಿಂದ ಬಂದು ಕಬ್ಬಿಣದ ಸಾಮಾನು ಮಾರುವ ಮಲಯಾಳಿ ಕಾಕನ ಪಕ್ಕದಲ್ಲೇ ಕಂಬಳಿ ಹಾಸಿದಳು. ಕಾಕ ಜೀನನ್ನು ನೋಡಿ ಬೆಚ್ಚಿದ.

"ಅಮ್ಮಾ, ಇದು ನಾನು ಕೊಟ್ಟಿದ್ದು. ವಾಪಸ್ ತಗೊಳಲ್ಲ ಕೇಟೋ."

"ನಿಂಗ್ಯಾರ್ ಕೊಡ್ತಾರೆ ಕಾಕಾ? ಇಪ್ಪತ್ತ್ ರೂಪಾಯಿ ಇದ್ರೆ ಮುಟ್ಟು."

ಒಬ್ಬ ಮುಚ್ಚಳವೊಂದನ್ನು ಎತ್ತಿ ಒಂದಾಣೆಗೆ ಕೇಳಿದ. ಅವಳು ಮೂರು ರೂಪಾಯಿ ಅಂದಳು.

"ಮುಚ್ಚಳಕ್ಕಾ? ಪಾತ್ರೆ ಎಲ್ಲವ್ವಾ?"

"ನಿನ್ ಮನೇಲಿ ಹುಡಿಕ್ಕೊ."

ಬಿಸಿಲು ಏರಿದರೂ ಒಂದೂ ಹೋಗಲಿಲ್ಲ. ನಗಲು ಜನ ಕೂಡಿತು. ಹುಣಸೆ ಮರದಡಿ ಎತ್ತು ಹಿಡಿದು ನಿಂತಿದ್ದ ದೊಡ್ಡಮಲ್ಲಪ್ಪನಿಗೆ, ಬಸ್ಸಿನಿಂದ ಇಳಿಯುತ್ತಿದ್ದ ಬೀಗರು ಕಂಡರು. ಚಾಮರಾಜನಗರದ ವೃಷಭೇಂದ್ರಪ್ಪನವರು, ಮಗಳ ಮಾವ. ಅವನು ದಾಪುಗಾಲು ಹಾಕಿ ಬಂದ.

"ಏಳಮ್ಮಿ, ಬೀಗ್ರು ಬತ್ತಾವ್ರೆ! ಕಟ್ಟು ಎಲ್ಲಾನೂ!"

"ಯಾಪಾರ ಆಗ್ದೆ ಏಳಲ್ಲ."

"ಮಾನ ಓಯ್ತದೆ ಕಣೆ!"

"ಅಂಗಾರೆ ನೀವೇ ಕೇಳಿ."

ದೊಡ್ಡಮಲ್ಲಪ್ಪನಿಗೆ ಮೈಯೆಲ್ಲ ಉರಿಯಿತು. "ಈ ಕಸಕ್ಕೇನ್ ಕೇಳಾದು? ಅಷ್ಟೂ ಸೇರಿ ಐದ್ ರೂಪಾಯಿ!"

"ಕೊಟ್ಟೆ."

ಸುತ್ತ ನಿಂತವರ ನಗು ನಿಂತಿತು.

"ಏಯ್, ನಾನ್ ಸುಮ್ಕೆ ಅಂದೆ..."

"ನಾನೂ ಇಷ್ಟ್ ವರ್ಸ ಸುಮ್ಕೇ ಕೇಳಿದ್ದು. ಯಾರ್ ಬುಟ್ರು?"

"ಕೇಳಿದ್ರಲ್ಲ ಯಜಮಾನ್ರೇ," ಅಂದ ಕಾಕ, ಬಹಳ ಮರ್ಯಾದೆಯಿಂದ. "ಕಾಸು ಬಿಚ್ಚಿ."

ಬೀಗರ ರುಮಾಲು ಜನರ ಹಿಂದೆ ಕಾಣಿಸಿತು. ದೊಡ್ಡಮಲ್ಲಪ್ಪ ಎಲೆಅಡಿಕೆ ಸಂಚಿ ಬಿಚ್ಚಿ ನೋಟು ಕೊಟ್ಟ. ಪುಟ್ಟಮಲ್ಲಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿಗೆ ಗಂಟು ಹಾಕಿ, ಎದ್ದಳು.

ಮನೆಯಲ್ಲಿ ಗಾಡಿ ಇಳಿಸುವಾಗ ಅವಳೇ ಅಂದಳು: "ಈಗ ನಿಮ್ದು. ಬೇಡ್ದಿದ್ರೆ ತಿಪ್ಪೆಗ್ ಎಸೀರಿ."

ಅವನು ಜೀನನ್ನು ಹೊತ್ತು ತಿಪ್ಪೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟ. ನಿಂತ. ಅದರ ಚರ್ಮವನ್ನು ಒತ್ತಿ ನೋಡಿದ.

"ಐದ್ ರೂಪಾಯಿ ಕೊಟ್ಟಿವ್ನಿ. ಎಸಿಯಾಕಾದದಾ?"

ತಾನೇ ಏಣಿ ಹತ್ತಿ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿದ. ಈರುಳ್ಳಿ ಪಡಸಾಲೆಯಲ್ಲಿ ಅವನ ಮಂಚದ ಕೆಳಗಿನವರೆಗೂ ಹರಡಿತು.

ಮುಂದಿನ ವಾರ, ಸಂತೆ ಕರಗುವ ಹೊತ್ತು. ಪುಟ್ಟಮಲ್ಲಮ್ಮ ಒಂದು ಹಿತ್ತಾಳೆ ಕೊಳಗವನ್ನು ಆರಾಣೆಗೆ ಕೇಳಿದಳು. ಈ ಸಲ ಬಾಯಿ ತಾನಾಗಿ ಕೇಳಲಿಲ್ಲ, ಅವಳೇ ಕೇಳಿದಳು. ಆಣೆ ಇಡಲಿಲ್ಲ. ಕೊಳಗ ಹಿಡಿದು ನೇರ ಹೆಸರು ಕೆತ್ತುವವನ ಮುಂದೆ ಹೋಗಿ ಕೂತಳು.

ಅವನು ತಿರುಗಿಸಿ ನೋಡಿದ. "ಇದು ತೂತು ಕಣವ್ವಾ."

"ಕಂಡದೆ. ತೂತಿನ್ ಪಕ್ಕ ಬರಿ."

"ಯಾರೆಸ್ರು, ಯಜಮಾನ್ರದಾ?"

"ನಂದು. ಪುಟ್ಟಮಲ್ಲಮ್ಮ ಅಂತ. ಒತ್ತಿ ಕೆತ್ತು."