ಕೆಂಪಾದ ಹೆಸರು

ಇಪ್ಪತ್ತು ಸೆಕೆಂಡಿನಲ್ಲಿ ಒಂಬತ್ತು ಉಳಿದಿದ್ದವು. ಕಾವ್ಯಶ್ರೀಯ ಬೆರಳು ಕರೆ ಮಾಡುವ ಹಸಿರು ಗುಂಡಿಯ ಮೇಲೆ ನಿಂತೇ ಇತ್ತು. ಪರದೆಯಲ್ಲಿ ಕೆಂಪಗಾಗಿದ್ದ ಹೆಸರು ಶಶಿ, ಗುರುಪುರ. ಊರು ಅವಳದೇ. ನಂಬರು ಅವಳ ತಮ್ಮನದು. ಆಟ ಬಿಟ್ಟು ಮೂರು ದಿನ ಎಂದು ಕೆಳಗೆ ಬರೆದಿತ್ತು. ಅವನು ಆಡುತ್ತಿದ್ದ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಒತ್ತದೆ ಬಿಟ್ಟರೆ ಹೆಸರು ತಾನಾಗಿ ಪಕ್ಕದ ಕುರ್ಚಿಗೆ ಹೋಗುತ್ತದೆ. ಅಲ್ಲಿ ಸಾಲಿಗ್ರಾಮದ ವಿರೂಪಾಕ್ಷ. ಊಟ ಆಯ್ತೇನಣ್ಣ ಅಂತ ಶುರು ಮಾಡಿದನೆಂದರೆ, ಬಿಟ್ಟವನು ಎರಡು ನಿಮಿಷದಲ್ಲಿ ಮತ್ತೆ ಇಸ್ಪೀಟಿನ ಮುಂದೆ ಕೂತಿರುತ್ತಿದ್ದ.

ಹುಣಸೂರಿನ ಬೈಪಾಸಿನಲ್ಲಿ, ಟೈರ್ ಅಂಗಡಿಯ ಮೇಲಿದ್ದ ಈ ಆಫೀಸನ್ನು ಅವಳು ಮನೆಯಲ್ಲಿ ಬ್ಯಾಂಕು ಎಂದು ಹೇಳಿದ್ದಳು. ಫೋನಿನಲ್ಲಿ ರಮ್ಮಿ ಆಡಿ ಬಿಟ್ಟವರಿಗೆ ಕರೆ ಮಾಡಿ ಬೋನಸ್ ಕೊಡುವುದು ಕೆಲಸ. ಆ ಬೋನಸ್ಸು ಕೈಗೆ ಬರಬೇಕಾದರೆ ಅದರ ಹತ್ತರಷ್ಟು ಸ್ವಂತ ದುಡ್ಡು ಆಡಬೇಕು. ಗೆದ್ದದ್ದನ್ನು ತೆಗೆಯಲು ಹೊರಟವನನ್ನು ಎರಡು ದಿನ ಕಾಯಿಸುತ್ತಾರೆ. ಅಷ್ಟು ಹೊತ್ತೂ ‘ವಾಪಸ್ ಆಟಕ್ಕೆ’ ಅನ್ನುವ ಗುಂಡಿ ಅವನ ಕಣ್ಣೆದುರು ಮಿಣುಕುತ್ತಿರುತ್ತದೆ. ಸೋತವನಿಗೆ ಒಂದೇ ಒಂದು ಕಾರ್ಡಿನಲ್ಲಿ ತಪ್ಪಿಹೋಯಿತು ಎಂದು ಪರದೆ ತೋರಿಸುತ್ತದೆ. ಇದನ್ನೆಲ್ಲ ಹೇಳಿಕೊಟ್ಟ ಮೇಲ್ವಿಚಾರಕ ಕಾಂತರಾಜು, ಇಲ್ಲಿ ಯಾರಿಗೂ ಬಲವಂತ ಇಲ್ಲ ಎಂದೂ ಹೇಳಿದ್ದ.

ಅವಳೂ ಒಂದು ಹೇಳಿಕೊಟ್ಟಿದ್ದಳು. ಹೊಗೆಸೊಪ್ಪು ಬೇಯಿಸುವ ಮನೆಯನ್ನು, ಅಂದರೆ ಬ್ಯಾರನ್ನನ್ನು, ಕಾಯುವವರು ಐದಾರು ದಿನ ಅದರ ಬಾಗಿಲಲ್ಲೇ ಕೂತಿರುತ್ತಾರೆ ಸಾರ್, ಆಗಾಗ ಸೌದೆ ಒಟ್ಟಿ ಕಾವು ನೋಡಿದರೆ ಆಯಿತು, ಮಿಕ್ಕ ಹೊತ್ತು ಕೈ ಖಾಲಿ ಎಂದಿದ್ದಳು. ಸುಮ್ಮನೆ, ಟೀ ಕುಡಿಯುವಾಗ. ಕಾಂತರಾಜು ಅದನ್ನು ಬೆಂಗಳೂರಿಗೆ ಬರೆದ. ಆಷಾಢದಿಂದ ಹುಣಸೂರು, ಪಿರಿಯಾಪಟ್ಟಣದ ಫೋನುಗಳಿಗೆಲ್ಲ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ‘ಬ್ಯಾರನ್ ಬೋನಸ್’ ಹೋಗತೊಡಗಿತು. ಅವಳಿಗೆ ಬಹುಮಾನವಾಗಿ ಮಿಕ್ಸಿ ಬಂತು. ಆಫೀಸಿನವರು ಮೆಚ್ಚಿ ಕೊಟ್ಟದ್ದು ಎಂದು ಅದನ್ನು ಅವ್ವ ಸಿದ್ದಲಿಂಗಮ್ಮನಿಗೆ ಕಳಿಸಿದ್ದಳು.

ಮೊನ್ನೆ ಬುಧವಾರ ಅವ್ವ ಫೋನಿನಲ್ಲಿ ಅತ್ತಿದ್ದಳು. ಹಿಂದಿನ ಮಧ್ಯಾಹ್ನ ಶಶಿಗೆ ಬ್ಯಾರನ್ ಮುಂದೆಯೇ ನಿದ್ದೆ ಹತ್ತಿತಂತೆ, ಕಾವು ಏರಿದ್ದು ತಿಳಿಯಲಿಲ್ಲವಂತೆ, ಒಳಗಿದ್ದ ಸೊಪ್ಪೆಲ್ಲ ಕಪ್ಪಾಯಿತಂತೆ. ಈಗ ಪರದೆಯ ಮೂಲೆಯಲ್ಲಿ ಅವನ ಕೊನೆಯ ಆಟ ಕಾಣುತ್ತಿತ್ತು: ಮಂಗಳವಾರ, ಎರಡು ಹತ್ತರಿಂದ ಐದೂವರೆ. ನಿನ್ನೆ ಮತ್ತೆ ಬ್ಯಾರನ್ ತುಂಬಿದ್ದರು. ಈ ವರ್ಷದ ಸೊಪ್ಪಿನಲ್ಲಿ ಅಷ್ಟೇ ಉಳಿದಿರುವುದು.

ಮೂರು ಸಲ ಬೋನಸ್ ಕೊಡಲು ಹೋಗಿ ಮೂರು ಸಲವೂ ಬೇಡ ಅನ್ನಿಸಿಕೊಂಡರೆ ಮಾತ್ರ ಹೆಸರು ಒಂದು ತಿಂಗಳ ಮಟ್ಟಿಗೆ ಪಟ್ಟಿಯಿಂದ ಇಳಿಯುತ್ತದೆ. ನಡುವೆ ಫೋನ್ ಇಟ್ಟರೆ ಪಕ್ಕದ ಕುರ್ಚಿಗೆ.

ಎರಡು ಸೆಕೆಂಡು ಇರುವಾಗ ಒತ್ತಿದಳು. ಆ ಹೊತ್ತಿಗೇ ಕಾಂತರಾಜು ಬಂದು, ದಿನಕ್ಕೊಂದು ಸಲ ಎಲ್ಲರಿಗೂ ಮಾಡುವಂತೆ, ತನ್ನ ಹೆಡ್‌ಫೋನನ್ನು ಅವಳ ಲೈನಿಗೆ ಸಿಕ್ಕಿಸಿಕೊಂಡ.

“ಯಾರು?”

ಶಶಿ ಅಲ್ಲ, ಅವ್ವ. ಕಾವ್ಯಶ್ರೀ ಫೋನ್ ಇಡಲಿಲ್ಲ. ಶಶಿಯವರು ಇದ್ದಾರೆಯೇ ಎಂದು ಕೇಳಿದಳು.

“ಅವ್ನು ಫೋನ ನನ್ ಕೈಗೆ ಕೊಟ್ಬುಟ್ಟವ್ನೆ. ಬ್ಯಾರನ್ನಿಂದ ಸೊಪ್ಪು ಇಳಿಸೋಗಂಟ ಕಾಲಿಗೆ ಬಿದ್ರೂ ಕೊಡ್ಬ್ಯಾಡ ಅಂದವ್ನೆ.” ತುಸು ತಡೆದು, “ಯಾರವ್ವ ನೀನು? ನಮ್ ಕಾವ್ಯನ ದನಿ ಇದ್ದಂಗದೆ.”

ಕಾಂತರಾಜು ಹುಬ್ಬೇರಿಸಿದ. ಅವಳು ಆಟದ ಹೆಸರು ಹೇಳಿ, ಪಾಠ ಒಪ್ಪಿಸುವವಳಂತೆ, ಶಶಿಯವರಿಗೆ ಐನೂರು ರೂಪಾಯಿ ಬೋನಸ್ ಬಂದಿದೆ, ಖಾತೆಗೆ ಹಾಕಬಹುದೇ ಎಂದಳು.

ಆ ಕಡೆ ಸೌದೆ ಚಟಗುಟ್ಟುತ್ತಿತ್ತು. ಅವ್ವ ಯಾರೆಂದು ಮತ್ತೆ ಕೇಳಲಿಲ್ಲ. ಗುರುತು ಹಿಡಿದಳು ಎಂದು ಕಾವ್ಯಶ್ರೀಗೆ ಅದರಲ್ಲೇ ತಿಳಿಯಿತು.

“ಬ್ಯಾಡ.”

ಪರದೆಯ ಮೇಲಿದ್ದ ಐನೂರು ಈಗ ಒಂದು ಸಾವಿರವಾಯಿತು. ಅದನ್ನೂ ಓದಿದಳು.

“ಸಂತೇಲಿ ಬ್ಯಾಡ ಅಂದ್ರೆ ರೇಟ್ ಇಳಿಸ್ತಾರೆ. ನೀನು ಏರುಸ್ತಿದ್ದೀಯಲ್ಲವ್ವ, ಇದ್ಯಾವ ಯಾಪಾರ?”

ಕೇಳ್ತಿದ್ದಾರೆ ಅಂದರೆ ಆಸೆ ಇದೆ, ಮಾತು ಬೆಳೆಸು ಎಂದು ಕಾಂತರಾಜು ಕೈಸನ್ನೆ ಮಾಡಿದ. ಅವಳು ಬೆಳೆಸಲಿಲ್ಲ. ಬೇಕೋ ಬೇಡವೋ ಅಷ್ಟು ಹೇಳಿ ಎಂದಳು.

“ಬ್ಯಾಡ ಅಂದ್ನಲ್ಲ.”

ಎರಡು ಸಾವಿರ. ಪರದೆಯ ಸುತ್ತ ಹಳದಿ ದೀಪಗಳು ಓಡಾಡತೊಡಗಿದವು. ಕಾಂತರಾಜು ಅವಳ ಮುಂದಿದ್ದ ಚೀಟಿಯನ್ನು ಎಳೆದುಕೊಂಡು ಏನೋ ಗೀಚಿ ಮುಂದೆ ತಳ್ಳಿದ. ‘ಅವ್ವ ಅಂತ ಕರಿ. ವಯಸ್ಸಾದೋರು. ಕರಗ್ತಾರೆ.’

ಅವಳು ಚೀಟಿಯನ್ನು ನೋಡಿದಳು. ವಿರೂಪಾಕ್ಷ ಪಕ್ಕದಲ್ಲಿ ಯಾರನ್ನೋ ಅಣ್ಣಾ ಅನ್ನುತ್ತಾ ನಗುತ್ತಿದ್ದ.

“ಅವ್ವ,” ಎಂದಳು. “ಎರಡು ಸಾವಿರ. ಇದೇ ಕೊನೆ.”

ಬ್ಯಾರನ್ನಿನ ಒಲೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಬ್ಯಾಡ,” ಅಂದಳು ಸಿದ್ದಲಿಂಗಮ್ಮ. “ಆ ಮಿಕ್ಸೀನೂ ಬ್ಯಾಡ. ಬಂದು ಎತ್ಕಂಡೋಗು.”