ಬರೀ ನೀರಿನ ಮಡಿ

ಮುತ್ತಿನಕೊಪ್ಪದ ಬಸ್‌ಸ್ಟಾಪಿನ ಪಕ್ಕದಲ್ಲೇ ಲಿಂಗಪ್ಪನ ಹರಿವೆ ಸೊಪ್ಪಿನ ಮಡಿಗಳು. ಬಸ್ಸು ಕಾಯುವವರಿಗೆಲ್ಲ ಅವು ಕಣ್ಣೆದುರಿಗೇ. ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ, ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಅರ್ಪಣಾ ಅವುಗಳಲ್ಲಿ ನಾಲ್ಕನ್ನು ತನ್ನ ಪ್ರಯೋಗಕ್ಕೆಂದು ಕೇಳಿ ಪಡೆದಿದ್ದಳು. ಎರಡಕ್ಕೆ ಲಿಂಗಪ್ಪ ಸತುವಿನ ನ್ಯಾನೋ ಕಣ ಕಲಸಿದ ನೀರು ಸಿಂಪಡಿಸಬೇಕು, ಇನ್ನೆರಡಕ್ಕೆ ಬರೀ ನೀರು.

"ಗೊಬ್ಬರ ಬೇಡವಾ?" ಅಂದಿದ್ದ ಲಿಂಗಪ್ಪ.

"ಏನೂ ಬೇಡ. ಇದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ತೂಗಿ ನೋಡ್ಬೇಕಲ್ಲ ಲಿಂಗಪ್ಪಣ್ಣ."

ಹದಿನೈದು ದಿನಕ್ಕೆ ಸತು ಕುಡಿದ ಮಡಿಗಳು ದಟ್ಟ ಹಸಿರಾಗಿ ಎದ್ದವು. ಬರೀ ನೀರಿನವು ಬಿಳಿಚಿಕೊಂಡು ನಿಂತವು. ದಿನಾ ಎನ್.ಆರ್. ಪುರದ ಬಸ್ಸಿಗೆ ನಿಲ್ಲುವ ಕಲ್ಲೇಶಪ್ಪ ಬೇಲಿಯಾಚೆಯಿಂದ ಕೂಗಿದ:

"ಎಂತ ಮಾರಾಯ, ಆ ಎರಡು ಮಡಿ ಮಲತಾಯಿ ಮಕ್ಕಳಾ? ಹೊಟ್ಟೆಗೆ ಹಾಕಕ್ಕಾಗದಿದ್ರೆ ನಮ್ಮನೆಗಾದ್ರೂ ಕಳ್ಸು."

"ಅದು ಪ್ರಯೋಗ ಕಣೋ. ನ್ಯಾನೋದು."

"ನ್ಯಾನೋನಾ? ಹಂಗಾದ್ರೆ ಸೊಪ್ಪು ಕೊಯ್ದ ಮೇಲೆ ಕಾರು ಬರುತ್ತಾ?"

ಸ್ಟಾಪಿಗೆ ಸ್ಟಾಪೇ ನಕ್ಕಿತು. ಲಿಂಗಪ್ಪನ ಮುಖ ಸಣ್ಣದಾಯಿತು. ಇಪ್ಪತ್ತು ವರ್ಷ ಸೊಪ್ಪು ಬೆಳೆದವನ ಮಡಿ ಊರ ಕಣ್ಣೆದುರು ಹೀಗೆ ಸೊರಗುವುದೆಂದರೇನು? ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಗಂಜಲಕ್ಕೆ ನೀರು ಬೆರೆಸಿ ಆ ಎರಡು ಮಡಿಗಳ ಬುಡಕ್ಕೆ ಹಾಕಿದ. ಆಮೇಲೆ ಇನ್ನೊಮ್ಮೆ. ಮತ್ತೂ ಒಮ್ಮೆ.

ಹೆಂಡತಿ ಗಂಗಾಂಬಿಕೆ ನೋಡಿ, "ಆ ಹುಡ್ಗಿ ಬೇಡ ಅಂದಿದ್ಲಲ್ರೀ" ಎಂದಳು.

"ಗೊಬ್ಬರ ಬೇಡ ಅಂದಿದ್ದು. ಗಂಜಲ ಗೊಬ್ಬರವೇನೇ? ಅದೂ ನೀರೇ" ಎಂದು ಬಾಯಿ ಮುಚ್ಚಿಸಿದ.

ಕೊಯ್ಲಿನ ದಿನ ಅರ್ಪಣಾ ತಕ್ಕಡಿ ತಂದು ನಾಲ್ಕೂ ಮಡಿಯ ಸೊಪ್ಪನ್ನು ಬೇರೆ ಬೇರೆಯಾಗಿ ತೂಗಿದಳು. ನಂಬಿಕೆಯಾಗದೆ ಮತ್ತೆ ತೂಗಿದಳು. ಕೊನೆಗೆ ಬದುವಿನ ಮೇಲೆ ಕುಳಿತುಬಿಟ್ಟಳು.

"ಎಲ್ಲ ಒಂದೇ ತೂಕ. ನನ್ನ ಸತು ಏನೂ ಕೆಲ್ಸ ಮಾಡಿಲ್ಲ. ಆ ಕಣ ತಯಾರಿಸಿದ್ದೂ ಸೇರಿ ಒಂದು ವರ್ಷದ ದುಡಿಮೆ ಲಿಂಗಪ್ಪಣ್ಣ ಇದು. ಇರ್ಲಿ, ವರದಿಲಿ ಹಾಗೇ ಬರೀತೀನಿ. ನೀವಂತೂ ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ರಿ, ನಿಮ್ಮ ಹೆಸರನ್ನೂ ಹಾಕ್ತೀನಿ."

ಕಾಫಿ ಲೋಟ ಹಿಡಿದು ಬಂದ ಗಂಗಾಂಬಿಕೆ ಗಂಡನ ಮುಖ ನೋಡಿಯೂ ನೋಡದವಳ ಹಾಗೆ ನಿಂತಳು. ಲಿಂಗಪ್ಪ ತಕ್ಕಡಿಯತ್ತ ನೋಡಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಹುಡುಗಿ ಮಾತ್ರ ಸುಳ್ಳನ್ನೇ ನಿಜವೆಂದು ಬರೆದುಕೊಂಡು ಹೋಗುತ್ತಾಳೆ.

"ನನ್ನ ಹೆಸರು ಹಾಕ್ಬೇಡಿ ಅಮ್ಮ" ಎಂದ. "ಬರೀ ನೀರಿನ ಮಡಿಗೆ ನಾನು ಗಂಜಲ ಹಾಕಿದೀನಿ."

ಅರ್ಪಣಾ ತಲೆಯೆತ್ತಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಂತಕ್ಕೆ?"

"ಜನ ನಗ್ತಿದ್ರು."

ಅವಳು ತೂಕ ಬರೆದಿಟ್ಟಿದ್ದ ಪುಸ್ತಕ ಬಿಡಿಸಿ ಪೆನ್ನು ತೆಗೆದಳು. "ಯಾವ್ಯಾವ ದಿನ ಹಾಕಿದ್ರಿ? ಎಷ್ಟೆಷ್ಟು?"

ಲಿಂಗಪ್ಪ ಬೆರಳು ಮಡಚಿ ಎಣಿಸಲು ನೋಡಿದ. ಕದ್ದು ಹಾಕುವಾಗ ದಿನ ಗುರುತಿಟ್ಟವನಲ್ಲ. "ಗೊತ್ತಿಲ್ಲ ಅಂತಲೇ ಬರ್ಕೊಳ್ಳಿ" ಎಂದು ಹೇಳಿ, ಅವಳು ಪುಟದಲ್ಲಿದ್ದ ತೂಕಗಳ ಮೇಲೆ ಒಂದೊಂದಾಗಿ ಗೀಟು ಎಳೆಯುವುದನ್ನು ನಿಂತು ನೋಡಿದ.